ಬೀಗರ ಹಿತ್ತಲಿನ ಬೂದಿ

ಭತ್ತದ ಎಲೆ ಎಂದರೆ ಮೆತ್ತಗಿರಬೇಕು, ಕಡುಹಸಿರಾಗಿ ಗಾಳಿಗೆ ರೇಷ್ಮೆಯ ಹಾಗೆ ಓಲಾಡಬೇಕು ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದವನು. ಈ ಸಲದ ಕೊಯ್ಲಿನಲ್ಲಿ ಎಲೆಯ ಅಂಚು ಗರಗಸದಂತೆ ಗೀರಿದ ಗುರುತು ಮುಂಗೈಯಿಂದ ಇನ್ನೂ ಮಾಸಿಲ್ಲ. ಕೊಬ್ಬರಿ ಎಣ್ಣೆ ಸವರಿಕೊಂಡರೆ ಉರಿಯುತ್ತದೆ, ಉರಿದರೆ ನನಗೆ ನಗು ಬರುತ್ತದೆ. ಮುದುಕನಿಗೆ ಅರಳುಮರಳು ಅಂದುಕೊಳ್ಳಬೇಡಿ. ಆ ನಗುವಿಗೆ ಕಾರಣವುಂಟು, ಕಾರಣದ ಹೆಸರು ಪಾರ್ವತಿ, ನನ್ನ ಮೊದಲ ಮೊಮ್ಮಗಳು.

ನಮ್ಮ ಮನೆಯದೊಂದು ನಡಾವಳಿ: ಮೊಮ್ಮಗುವಿನ ಬಾಯಿಗೆ ಬೀಳುವ ಮೊದಲ ಅನ್ನ ಸ್ವಂತ ಗದ್ದೆಯದಾಗಿರಬೇಕು, ಅಜ್ಜನ ಕೈಯಿಂದಲೇ ಬೀಳಬೇಕು. ಆದರೆ ಮಲವಗೊಪ್ಪದ ನಮ್ಮ ಗದ್ದೆಗೆ ಹಿಂದಿನ ವರ್ಷ ಬೆಂಕಿ ರೋಗ ಬಡಿದು, ಎಲೆಯೆಲ್ಲ ಕಂದು ಚುಕ್ಕೆಯಾಗಿ, ತೆನೆಯ ಕತ್ತು ಕೊಳೆತು ಮುರಿದು, ನಾವು ಶಿವಮೊಗ್ಗದ ಬಜಾರಿನಿಂದ ಅಕ್ಕಿ ತಂದು ಉಂಡಿದ್ದೆವು. ದೊಡ್ಡವರ ಹೊಟ್ಟೆಗೆ ಯಾವ ಅಕ್ಕಿಯಾದರೇನು! ಮೊಮ್ಮಗಳಿಗೂ ಅಂಗಡಿಯ ಅಕ್ಕಿಯನ್ನೇ ಉಣಿಸಬೇಕಾಗಿ ಬಂದರೆ, ಅಜ್ಜನೆಂದು ನಾನು ಇದ್ದೂ ಇಲ್ಲದ ಹಾಗೆ, ನೀವೇ ಹೇಳಿ.

ಸೊಸೆ ಬಾಣಂತನಕ್ಕೆ ಕುಂಸಿಯ ತವರಿನಲ್ಲಿದ್ದಳು. ಮುಂಗಾರು ಹಿಡಿದ ಹೊಸದರಲ್ಲಿ ಮಗುವನ್ನು ನೋಡಲು ಗಾಡಿ ಕಟ್ಟಿಕೊಂಡು ಹೋದೆ. ಬೀಗಿತ್ತಿಯದು ಅವಲಕ್ಕಿ ಮಾಡಿಸುವ ಮನೆ. ಒಲೆಗೆ ಭತ್ತದ ಹೊಟ್ಟೇ ಉರುವಲು. ಹಿತ್ತಲಾಚೆ ಆಕೆಯ ಸಸಿಮಡಿ ನೋಡಿದರೆ ಮಡಿಯ ತುಂಬ ಆ ಹೊಟ್ಟಿನ ಬೂದಿ.

“ಏನು ಬೀಗಿತ್ತಿ, ಸಸಿಗೂ ವಿಭೂತಿ ಬಳಿದು ದೀಕ್ಷೆ ಕೊಟ್ಟುಬಿಟ್ಟಿದೀರಲ್ಲ!”

“ಹೂಂ ಬೀಗರೇ. ನಿಮ್ಮ ಹಾಗೆ ಹಣೆಗಲ್ಲ, ಬುಡಕ್ಕೇ ಹಾಕಿದೀನಿ. ಒಂದು ಎಲೆ ಎಳೆದು ನೋಡಿ.”

ಎಳೆದೆ. ಬೆರಳು ಸರ್ರನೆ ಗೀರಿತು.

“ನಿಮ್ಮ ಬೆರಳಿಗೇ ಹೀಗಾದ್ರೆ ಹುಳದ ಹಲ್ಲಿಗೆ ಏನಾಗ್ಬೇಡ? ನೀವು ಗೊಬ್ಬರ ಸುರಿದೂ ಸುರಿದೂ ಸಸೀನ ಮುದ್ದು ಮಾಡ್ತೀರಿ. ಹುಳಕ್ಕೂ ಬೆಂಕಿ ರೋಗಕ್ಕೂ ಅದು ಹೋಳಿಗೆ!”

ಮಾತು ನಾಟಿತು. ನಾಲ್ಕು ಚೀಲ ಬೂದಿ ಕೊಡಿ ಎಂದೆ. ಆಕೆ ಎರಡೂ ಕಿವಿ ಮುಚ್ಚಿಕೊಂಡರು. ಮಗಳನ್ನು ಕೊಟ್ಟ ಮನೆಗೆ ತೆಂಗಿನಕಾಯಿ, ಎಲೆ-ಅಡಿಕೆ, ಉಂಡೆ ಕಟ್ಟಿ ಕಳಿಸುವುದುಂಟು. ಬೂದಿ ಕಟ್ಟಿ ಕಳಿಸಿದರೆ ಕುಂಸಿಯಲ್ಲಿ ತಲೆಯೆತ್ತಿ ತಿರುಗುವುದುಂಟೆ?

“ನನ್ನ ಕೈಯಾರೆ ಕೊಡಲ್ಲ ಬೀಗರೇ, ಸತ್ತರೂ ಕೊಡಲ್ಲ. ಈಗ ಮಗೂಗೆ ನೀರು ಹಾಕೋಕೆ ಬಚ್ಚಲಿಗೆ ಹೋಗ್ತೀನಿ. ಹಿತ್ತಲ ಬಾಗಿಲು ತೆಗೆದೇ ಇರುತ್ತೆ. ಕಳ್ಳರು ಬಂದ್ರೆ ನಾನೇನು ಮಾಡ್ಲಿ?”

ಹೀಗೆ, ಮೀಸೆ ನರೆತ ಮೇಲೆ, ಕಚ್ಚೆ ಬಿಗಿದು ಬೀಗರ ಮನೆಯಲ್ಲಿ ಕಳವು ಮಾಡಿದೆ. ಬಿಸಿನೀರು ಮೈಗೆ ಬಿದ್ದು ಪಾರ್ವತಿ ಒಳಗೆ ಕಿರುಚುತ್ತಿದ್ದರೆ, ಅಳು ಕಂದ, ಇನ್ನಷ್ಟು ಜೋರಾಗಿ ಅಳು, ಸಲಿಕೆಯ ಸದ್ದು ಬೀದಿಗೆ ಕೇಳದಿರಲಿ ಎಂದು ಹಾರೈಸಿದ ಅಜ್ಜ ಸೀಮೆಗೆ ನಾನೊಬ್ಬನೇ ಇರಬೇಕು.

ಮನೆಯಲ್ಲಿ ನನ್ನವಳು ಬಾಗಿಲಿಗೇ ಅಡ್ಡ ನಿಂತಳು. “ಬೀಗರು ಬೂದಿ ಕೊಟ್ಟು ಕಳಿಸಿದ್ರಾ?”

“ಕೊಟ್ಟಿದ್ದಲ್ಲ ಮಾರಾಯ್ತಿ, ಕದ್ದಿದ್ದು.”

“ಹಾಗಾದ್ರೆ ಸರಿ, ಒಳಗೆ ಬನ್ನಿ.”

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಮಗ ರಜೆಗೆ ಬಂದಾಗ ಬೂದಿ ಹಾಕಿದ ನಮ್ಮ ಸಸಿಮಡಿ ನೋಡಿ ಹೇಳಿದ: “ಅಪ್ಪ, ಹೊಟ್ಟಿನ ಬೂದೀಲಿರೋದು ಸಿಲಿಕಾ ಅಂತೆ, ಮರಳಿನಲ್ಲಿರೋದೇ. ನಮ್ಮ ಕುಲುಮೆ ಒಳಗೋಡೆ ಇಟ್ಟಿಗೇಲೂ ಅದೇ.” ಅಂದರೆ ನಮ್ಮ ಸಸಿ ಬೂದಿಯನ್ನು ನೀರಿನೊಡನೆ ಕುಡಿದು, ಸದ್ದಿಲ್ಲದೆ ಎಲೆಯೊಳಗೇ ಇಟ್ಟಿಗೆ ಕಟ್ಟುತ್ತಿತ್ತು! ನನಗೆ ಅಂದಿನಿಂದ ಅದೇ ಧ್ಯಾನ. ಒಂದು ಕಾಳನ್ನು ಮೈಯೊಡ್ಡಿ ಕಾದ ಹೊಟ್ಟು ಬೆಂಕಿಗೆ ಬಿದ್ದರೂ ಕಾಯುವ ಬುದ್ಧಿ ಬಿಡುವುದಿಲ್ಲ. ಬೂದಿಯಾಗಿ ಬಂದು ಮುಂದಿನ ಪೈರಿನ ಕಾವಲಿಗೆ ನಿಲ್ಲುತ್ತದೆ. ಸುಟ್ಟು ಉಳಿದದ್ದೂ ಎಳೆಯದರ ಬುಡಕ್ಕೆ ಒದಗುವುದಾದರೆ, ವಯಸ್ಸಾಯಿತೆಂದು ನಾನು ಮುಖ ಸಪ್ಪಗೆ ಮಾಡಿಕೊಳ್ಳುವುದೇಕೆ?

ಮಡಿಗೆ ಹಾಕಿ ಉಳಿದ ಬೂದಿಯನ್ನು ನಾಟಿಯ ಕೆಸರಿಗೂ ಎರಚಿದೆ. ಹೇಳಿದಷ್ಟು ಸುಲಭವೇನಲ್ಲ, ಭಾದ್ರಪದದ ಮೋಡ ಮುಸುಕಿದಾಗ ಪಕ್ಕದ ಗದ್ದೆಗಳಲ್ಲಿ ಚುಕ್ಕೆ ಕಂಡಿತು, ನಮ್ಮದರಲ್ಲೂ ಮೂಲೆಯ ಒಂದು ತುಂಡು ಹೋಯಿತು. ಬೆಳಗಾದರೆ ಎದೆ ಹಿಡಿದುಕೊಂಡು ಓಡುತ್ತಿದ್ದೆ, ಒಂದೊಂದು ಎಲೆಯನ್ನೂ ಬೆರಳಿಗೆ ಎಳೆದು, ಗೀರಿದರೆ ಸಮಾಧಾನಪಟ್ಟು ಹಿಂದಿರುಗುತ್ತಿದ್ದೆ. ಉಳಿದದ್ದು ನಿಂತಿತು. ತೆನೆ ಬಾಗಿತು.

ಮೊನ್ನೆ ಹೊಸ ಅಕ್ಕಿಯ ಅನ್ನಕ್ಕೆ ಹಾಲು-ಬೆಲ್ಲ ಕಲಸಿ, ಪಾರ್ವತಿಯನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಅವಳು ತುಟಿ ಬಿಗಿದಳು. ಎಲ್ಲರೂ ಸುತ್ತ ನಿಂತು ಬಾಯಿ ತೆರೆದರು, ಅವಳೊಬ್ಬಳು ಬಿಟ್ಟು. ಕೊನೆಗೆ ಹೇಗೋ ನಾಲ್ಕು ಅಗುಳು ನಾಲಗೆಗೆ ತಾಗಿತು. ಮುಖ ಸಿಂಡರಿಸಿದಳು, ಯೋಚಿಸಿದಳು, ನುಂಗಿದಳು. ಆ ಪುಟ್ಟ ಕೊರಳಿನಲ್ಲಿ ನಮ್ಮ ಗದ್ದೆ ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಮರುಕ್ಷಣ ನನ್ನ ಬೆರಳನ್ನು ತಾನೇ ಬಾಯಿಗೆ ಎಳೆದುಕೊಂಡು, ಅಂಟಿದ್ದನ್ನೆಲ್ಲ ಚೀಪಿ, ಇನ್ನೂ ಬೇಕೆಂದು ಹಠ ಹಿಡಿದು ಅಳತೊಡಗಿದಳು.