ಮೇಲಿನ ಮನೆಗೆ ಹೋದ ಬಯಕೆ ಡಬ್ಬಿಗಳು

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹಾಕಿದ ರಂಗೋಲಿ, ನಾನು ಒಳಗೆ ಹೋಗಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಕೆಂಪಾಗಿರುತ್ತಿತ್ತು. ಓಣಿ ಮುಗಿದು ದೊಡ್ಡ ರಸ್ತೆ ಸಿಗುವ ಕಡೆ, ಸಂಡೂರಿನಿಂದ ಬರುವ ಕಬ್ಬಿಣದ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಅಂಟಿಕೊಂಡೇ ಹೋಗುತ್ತಿದ್ದವು. ಕಿಟಕಿಯ ಸರಳು, ಬಿಲ್ವದ ಎಲೆ, ಒಣಹಾಕಿದ ಪಂಚೆ, ಮಾಳಿಗೆ ಮೇಲಿನ ಸಂಡಿಗೆ, ಎಲ್ಲದರ ಮೇಲೂ ಆ ಪುಡಿ. ವಿಭೂತಿ ಗಟ್ಟಿಯನ್ನು ನಾನು ಮುಚ್ಚಳದ ಡಬ್ಬಿಯಲ್ಲಿ ಇಡಲು ಶುರುಮಾಡಿದ್ದು ಆಗಲೇ. ಅದೊಂದಾದರೂ ಬೆಳ್ಳಗೆ ಉಳಿಯಿತಲ್ಲ, ಶಿವನ ದಯೆ ಅಂದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಮುಸುರೆ ಮುಗಿದ ಮೇಲೆ ನಮ್ಮ ಮನೆ ಕಟ್ಟೆಗೆ ಇಬ್ಬರು ಬಂದು ಕೂರುತ್ತಿದ್ದರು. ಒಬ್ಬರು ಎದುರುಮನೆಯ ಮಿಲ್ಲಿನ ಅಕ್ಕ, ಅವರ ಯಜಮಾನರದು ಅಕ್ಕಿ ಗಿರಣಿ. ಇನ್ನೊಬ್ಬರು ಮೂಲೆಮನೆ ಅತ್ತಿಗೆ. ಮಿಲ್ಲಿನ ಅಕ್ಕ ಟಿವಿಯಲ್ಲಿ ಅಡುಗೆ ಹೇಳಿಕೊಡುವಾಕೆಯ ಪಕ್ಷ. ಅತ್ತಿಗೆ ವಾರಪತ್ರಿಕೆಯಲ್ಲಿ ಅಡುಗೆ ಬರೆಯುವಾಕೆಯ ಪಕ್ಷ. ಇಬ್ಬರೂ ಬೆಂಗಳೂರಿನವರು, ಇಬ್ಬರೂ ಹೆಸರಾದವರು. ನಮ್ಮ ಕಟ್ಟೆಗೆ ಅವರು ದಿನಾ ಬಂದು ಹೋದಷ್ಟು ಪರಿಚಯ.

"ನಿಮ್ಮಾಕಿ ಕೈ ನೋಡೀರೇನ್ರಿ," ಅನ್ನುತ್ತಿದ್ದರು ಅತ್ತಿಗೆ. "ಮೊಣಕೈ ತನಕ ಬಳಿ. ಹಿಟ್ಟು ನಾದಿದ್ರೂ ಒಂದು ಬಳಿಗೂ ಹಿಟ್ಟು ಹತ್ತಂಗಿಲ್ಲ. ನಾದಾಕಿ ಬ್ಯಾರೆ, ನಗಾಕಿ ಬ್ಯಾರೆ."

"ನಿಮ್ಮಾಕಿ 'ರುಚಿಗೆ ತಕ್ಕಷ್ಟು ಉಪ್ಪು' ಅಂತ ಬರೀತಾಳಲ್ಲ, ಯಾರ ರುಚಿಗಂತ ಕೇಳ್ರಿ. ನಮ್ಮ ಮನಿಯವರ ರುಚಿಗೋ, ನಮ್ಮತ್ತಿ ರುಚಿಗೋ? ಅಲ್ಲೇ ಜಗಳ ಇರೋದು."

"ನೀವರ ಟಿವಿಯಾಗಿನ ಒಂದು ಅಡಿಗಿ ಪೂರಾ ನೋಡೀರೇನು? ಅರ್ಧಕ್ಕ ಕರೆಂಟ್ ಹೋಗ್ತೈತಿ, ಉಳಿದರ್ಧ ನೀವ ಹುಟ್ಟಿಸ್ತೀರಿ."

"ಅದಕ್ಕ ನಂದು ತಿನ್ನಂಗ ಇರ್ತೈತಿ."

ನಾನು ಯಾರ ಪಕ್ಷವೂ ಅಲ್ಲ. ನಮ್ಮತ್ತೆ ಹಿಡಿಯಲ್ಲಿ ಅಳೆದು ಹಾಕುತ್ತಿದ್ದರು, ನಾನೂ ಹಿಡಿಯಲ್ಲೇ ಅಳೆಯುತ್ತೇನೆ. ಆದರೂ ಆ ವಾರಪತ್ರಿಕೆ ಕೈಗೆ ಬಂದರೆ ಬಣ್ಣದ ಫೋಟೋ ನೋಡದೆ ಕೆಳಗಿಡುತ್ತಿರಲಿಲ್ಲ.

ನಮ್ಮ ಮಾಳಿಗೆ ಮೇಲಿನ ಮನೆಯನ್ನು ಆಗ ಒಬ್ಬ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅದಿರು ಗುಡ್ಡೆ ಹಾಕುವ ಸ್ಟಾಕ್‌ಯಾರ್ಡಿನಲ್ಲಿ ಕೆಲಸ. ಹೊಸದಾಗಿ ಮದುವೆಯಾಗಿ ಕಂಪ್ಲಿಯ ಹುಡುಗಿಯನ್ನು ಕರೆದುಕೊಂಡು ಬಂದಿದ್ದ. ಗೋಧಿ ಬಣ್ಣ, ಮೆತ್ತಗಿನ ಮಾತು. ದಿನಕ್ಕೆ ಮೂರು ಸಲ ಕಿಟಕಿ ಒರೆಸುತ್ತಿದ್ದಳು, ಮಾಳಿಗೆ ಗೋಡೆಯ ಅಂಚನ್ನೂ ಬಿಡುತ್ತಿರಲಿಲ್ಲ. "ಮನಿ ಅಂದ್ರ ಹಂಗ ಇಡಬೇಕು," ಅಂತ ನಾನೇ ಓಣಿಗೆಲ್ಲ ಹೇಳಿದ್ದೆ.

ಅವಳು ಬಸುರಾದಳು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ಅವಳಿಗೆ ತಾಯಿ ಇರಲಿಲ್ಲ, ಕಂಪ್ಲಿಯ ಮನೆಯಲ್ಲಿ ಇದ್ದವರು ಅಪ್ಪ ಮತ್ತು ಅಣ್ಣಂದಿರು. "ಗಂಡಸರ ಮನಿಗೆ ಹೆಂಗ ಹೋಗ್ಲಿರಿ ಅಕ್ಕಾರ," ಅಂದಳು. ಸೀಮಂತದ ಕುಬಸ ಮಾಡಿ ಹಸಿರು ಬಳೆ ಇಟ್ಟ ದಿನ ನಾವು ಮೂವರೂ ಮಾತಾಡಿಕೊಂಡೆವು: ತಾಯಿ ಇಲ್ಲದ ಕೂಸು, ಬಯಕೆ ಊಟ ನಮ್ಮ ಮೂರು ಮನೆಯಿಂದಲೇ ಹೋಗಲಿ.

ಅದಕ್ಕೊಂದು ರೀತಿ ಇದೆ. ಡಬ್ಬಿಗೆ ವಸ್ತ್ರ ಮುಚ್ಚಿ ಒಯ್ಯಬೇಕು. ಬಸುರಿ ಉಣ್ಣುವುದನ್ನು ನಿಂತು ನೋಡಬಾರದು, ದೃಷ್ಟಿ ತಾಗುತ್ತದೆ. ಹೊಸ್ತಿಲಲ್ಲಿ ಇಟ್ಟು, ಮಾತಾಡಿಸಿ, ಇಳಿದು ಬರಬೇಕು. ಡಬ್ಬಿ ಖಾಲಿ ವಾಪಸು ಬರಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಹುಡುಗಿ ಎಲ್ಲ ಬಲ್ಲವಳು. ಡಬ್ಬಿ ತೊಳೆದು, ಒರೆಸಿ, ಸಕ್ಕರೆ ಹಾಕಿ ಕೊಡುತ್ತಿದ್ದಳು. ಊಟದ ಒಂದು ಅಗುಳೂ ಉಳಿದಿರುತ್ತಿರಲಿಲ್ಲ.

ಆದರೆ ಹುಡುಗಿ ಒಣಗುತ್ತಾ ಹೋದಳು. ಹೊಟ್ಟೆ ಬೆಳೆದಷ್ಟೂ ಕೆನ್ನೆ ಇಳಿಯಿತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿಯುತ್ತಿದ್ದಳು. ಕಿವಿಯ ಓಲೆಯೇ ದೊಡ್ಡದಾಗಿ ಕಾಣತೊಡಗಿತು.

ಕಟ್ಟೆಯ ಮೇಲೆ ಇದಕ್ಕೆ ಕಾರಣ ಹುಡುಕಿದೆವು, ಸಿಕ್ಕಿದ್ದು ಅಡುಗೆಯಲ್ಲೇ.

"ನಿಮ್ಮ ಟಿವಿಯಾಕಿ ಗೋಡಂಬಿ ರುಬ್ಬಿ ಹಾಕಿದ್ದು ಆ ಹುಡುಗಿಗೆ ಅರಗಿಲ್ಲ," ಅಂದರು ಅತ್ತಿಗೆ.

"ನಿಮ್ಮ ಪತ್ರಿಕಿಯಾಕಿ ಬೀಟ್‌ರೂಟ್ ಹಲ್ವಾ ಭಾಳ ಅರಗಿತೇನು? ನಮ್ಮ ಮನ್ಯಾಗ ಎಮ್ಮಿ ಕರಾನೂ ಮೂಸಿ ನೋಡಿ ಬಿಡ್ತು."

"ಬಸುರಿಗಂತ ಬ್ಯಾರೆ ಪುಟಾನ ಬರದಾಳರಿ ಈ ವಾರ. ಖರ್ಜೂರ, ರಾಗಿ, ನುಗ್ಗಿಸೊಪ್ಪು. ರಕ್ತ ಆಗ್ತೈತಂತ."

"ಬರದ್ರ ಆಗ್ತೈತೇನು ರಕ್ತ? ನಾನು ನಾಳೆ ಪನೀರ್ ಮಾಡ್ತೀನಿ. ನಮ್ಮಾಕಿ ಪನೀರ್ ಬ್ಯಾಡ ಅಂದವರ ಇಲ್ಲ."

ಹೀಗೆ ಹಟಕ್ಕೆ ಬಿದ್ದು ಇಬ್ಬರೂ ಮಾಡಿದರು. ನಾನೂ ಸುಮ್ಮನಿರಲಿಲ್ಲ, ಮಾದಲಿ, ಪುಂಡಿಪಲ್ಯ, ಎಣ್ಣೆಗಾಯಿ, ಮೊಸರುಬುತ್ತಿ ಕಳಿಸಿದೆ. ಎಲ್ಲ ಡಬ್ಬಿಗಳೂ ಖಾಲಿಯಾಗಿ, ಸಕ್ಕರೆ ಹೊತ್ತು ಇಳಿದು ಬಂದವು. ಆ ಸಕ್ಕರೆಯಲ್ಲಿ ಒಮ್ಮೊಮ್ಮೆ ಕೆಂಪು ಬೆರೆತಿರುತ್ತಿತ್ತು. ಎಲ್ಲದರಲ್ಲೂ ಬೆರೆತಿರುವಾಗ ಸಕ್ಕರೆ ಯಾವ ಲೆಕ್ಕ ಅಂತ ಇರುವೆಗಳಿಗೆ ಹಾಕಿಬಿಡುತ್ತಿದ್ದೆ.

ಮಧ್ಯಾಹ್ನವಾದರೆ ನಮ್ಮ ಮಾಳಿಗೆಯ ಹಿಂಬದಿಗೆ ಕಾಗೆಗಳು ಬರತೊಡಗಿದವು. ಮೊದಮೊದಲು ಒಂದೆರಡು. ಆಮೇಲೆ ನೀರಿನ ಟ್ಯಾಂಕಿನ ಸುತ್ತ ಜಾಗವಿಲ್ಲದಷ್ಟು. ಕೂಗುತ್ತಿರಲಿಲ್ಲ. ಸಾಲಾಗಿ ಕೂತು ಮೇಲಿನ ಮನೆಯ ಬಾಗಿಲನ್ನೇ ನೋಡುತ್ತಿದ್ದವು. "ಉಣ್ಣೋಕಿಂತ ಮೊದಲು ಕಾಗಿಗೆ ತುತ್ತು ಹಾಕ್ತಾಳ, ಪುಣ್ಯವಂತಿ," ಅಂದರು ಮಿಲ್ಲಿನ ಅಕ್ಕ. ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ಬಸುರಿ ಮನೆಯ ಮೇಲೆ ಅವು ಹಾಗೆ ಕೂರಬಾರದು. ಹೋಗಿ ಅಟ್ಟಿದೆ, ಎದ್ದು ಪಕ್ಕದ ಮಾಳಿಗೆಗೆ ಹಾರಿ ಮತ್ತೆ ಬಂದು ಕೂತವು.

ಹುಡುಗಿಯ ತುಟಿ ಕೆಂಪಗಿರುತ್ತಿತ್ತು. ಊಟವಾದ ಮೇಲೆ ಎಲೆ ಅಡಿಕೆ ಹಾಕುತ್ತಾಳೆ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. "ಚಲೋ ಆತು, ಅರಗ್ತೈತಿ," ಅಂದಿದ್ದರು ಅತ್ತಿಗೆ. ಮೇಲಿನ ಮನೆಯಲ್ಲಿ ಎಲೆಯ ತಟ್ಟೆಯನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿಕೊಂಡು ಬಂದೆ. ಹುಡುಗಿಯ ಹೆಸರಲ್ಲಿ ಅರ್ಚನೆ ಮಾಡಿಸಿದ್ದೆ. ಪ್ರಸಾದದ ಬಾಳೆಹಣ್ಣು, ವಿಭೂತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಪ್ರಸಾದಕ್ಕೆ ದೃಷ್ಟಿಯ ಭಯವಿಲ್ಲ, ಒಳಗೇ ಹೋಗಿ ಕೊಡಬಹುದು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತಿತ್ತು. ತಿರುಗಿ ಆಕಾಶ ನೋಡಿದೆ. ಬಿಸಿಲು ಸುಡುತ್ತಿತ್ತು, ಒಂದು ಮೋಡವೂ ಇರಲಿಲ್ಲ.

ಹುಡುಗಿ ಒಲೆಯ ಮುಂದೆ ನಿಂತು ಸಣ್ಣ ಬಾಣಲೆಯಲ್ಲಿ ಏನನ್ನೋ ಹುರಿಯುತ್ತಿದ್ದಳು. ಪಕ್ಕದಲ್ಲಿ ನನ್ನ ಜರಡಿ. ಹಿಟ್ಟು ಸೋಸಲು ಬೇಕೆಂದು ಒಯ್ದದ್ದು. ಬಾಣಲೆಯಲ್ಲಿದ್ದದ್ದು ಹಿಟ್ಟಲ್ಲ.

"ಏನು ಹುರಿಯಾಕತ್ತಿ ತಂಗಿ?"

ಅವಳು ಬೆಚ್ಚಲಿಲ್ಲ, ಮುಚ್ಚಿಡಲೂ ಇಲ್ಲ. "ಬರ್ರಿ ಅಕ್ಕಾರ, ಕುಂದ್ರಿ," ಅಂದಳು. ಚಮಚ ಆಡಿಸುತ್ತಲೇ ಹೇಳಿದಳು. "ಕಿಟಕಿ ಧೂಳು ಬ್ಯಾರೆ, ಇವರ ಪ್ಯಾಂಟ್ ಜಾಡಿಸಿದ್ದು ಬ್ಯಾರೆ ಇಡಬೇಕ್ರಿ. ಕಿಟಕಿದರಾಗ ರಸ್ತಿ ಹೊಲಸು ಇರ್ತೈತಿ. ಪ್ಯಾಂಟಿಂದು ಚೊಕ್ಕ. ಮೊದಲು ಜರಡಿ ಹಿಡೀಬೇಕು, ಆಮ್ಯಾಲೆ ಹಳೇ ಸೀರಿ ಅರಿವ್ಯಾಗ ಸೋಸಬೇಕು. ಉರಿ ಸಣ್ಣಗಿರಬೇಕು. ಈ ವಾಸನಿ ಹೋಗಬಾರದ್ರಿ, ಹೋದ್ರ ಕೆಟ್ಟಂಗ. ಉಪ್ಪು ಬ್ಯಾಡ."

ಟಿವಿಯಾಕೆ ಹೇಳಿಕೊಡುವ ಹಾಗೆಯೇ ಹೇಳಿದಳು, ಅಷ್ಟೇ ಸಮಾಧಾನದಿಂದ, ಒಂದು ಹಂತ ಬಿಡದೆ. ಕಪಾಟಿನಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಅದರ ತುಂಬ ಕೆಂಪು ಪುಡಿ, ನುಣ್ಣಗೆ, ಕುಂಕುಮದಂತೆ. ಬಾಟಲಿಯೊಳಗೊಂದು ಚಮಚ.

"ಊಟ?" ಅಂದೆ.

"ಬಾಯಾಗ ಹೋಗಂಗಿಲ್ರಿ. ನೀವು ಅಷ್ಟು ಮಾಡಿ ಕಳಸ್ತೀರಿ. ಹಂಗ ವಾಪಸ್ ಕೊಟ್ರ, ಯಾರದು ಚಲೋ ಆಗಿಲ್ಲ ಅಂತ ನಿಮ್ಮ ನಿಮ್ಮಾಗ ಮಾತು ಬರ್ತೈತಿ. ಅದಕ್ಕ ಕಾಗಿಗೆ ಹಾಕ್ತೀನ್ರಿ."

ಕಟ್ಟೆಯ ಮೇಲಿನ ನಮ್ಮ ಮಾತೆಲ್ಲ ಮೇಲಿನ ಕಿಟಕಿಗೆ ಕೇಳಿಸುತ್ತದೆ ಎಂಬುದು ನನಗೆ ಆಗ ನೆನಪಾಯಿತು.

"ಕೂಸು ಮಿಸುಕಾಡ್ತೈತೇನವ್ವಾ?"

ಚಮಚ ನಿಂತಿತು. "ನಿನ್ನೆಯಿಂದ ಕಮ್ಮಿ ಆಗೈತ್ರಿ."

ಒಲೆ ಆರಿಸಿದೆ. ಹಣೆಗೆ ವಿಭೂತಿ ಹಚ್ಚಿದೆ. ಒಲೆಯ ಮುಂದೆ ನಿಂತವಳ ಹಣೆ ತಣ್ಣಗಿತ್ತು. ಕಿಟಕಿಯಿಂದಲೇ ಮಿಲ್ಲಿನ ಅಕ್ಕನನ್ನು ಕೂಗಿದೆ. ಅವರು ಏನು ಎತ್ತ ಅಂತ ಕೇಳದೆ ಗಿರಣಿಯ ಜೀಪು ತರಿಸಿದರು, ಅತ್ತಿಗೆಯೂ ಓಡಿ ಬಂದರು. ಮೂವರೂ ಹುಡುಗಿಯನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆವು. ದೊಡ್ಡ ರಸ್ತೆಯಲ್ಲಿ ಲಾರಿಗಳ ಸಾಲು ದಾರಿ ಬಿಡಲಿಲ್ಲ. ಧೂಳು ಜೀಪಿನೊಳಗೆ ತುಂಬಿತು. ನಾವು ಸೆರಗಿನಿಂದ ಮೂಗು ಮುಚ್ಚಿಕೊಂಡೆವು. ಅವಳು ಮುಚ್ಚಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು.

ಡಾಕ್ಟರಮ್ಮ ಅವಳ ಕೆಳಗಿನ ರೆಪ್ಪೆ ಇಳಿಸಿ ನೋಡಿದರು. ಒಳಗೆ ಕಾಗದದ ಬಿಳುಪು. ಮೈಯಲ್ಲಿ ರಕ್ತವಿಲ್ಲ, ರಕ್ತ ಇಲ್ಲದವರಿಗೆ ಹೀಗೆ ಮಣ್ಣಿನ ಆಸೆ ಆಗುವುದುಂಟು ಅಂದರು. ಆಮೇಲೆ ನಮ್ಮ ಕಡೆ ತಿರುಗಿದರು. "ಇಷ್ಟು ದಿನ ನೀವೆಲ್ಲ ಏನು ಮಾಡ್ತಿದ್ರಿ?"

"ಅಡಿಗಿ ಮಾಡ್ತಿದ್ವಿರಿ," ಅಂದರು ಮಿಲ್ಲಿನ ಅಕ್ಕ. ಅತ್ತಿಗೆ ಅವರ ಕೈ ಹಿಡಿದುಕೊಂಡರು.

ಗಂಡನೂ ಅವನ ಜೊತೆಯ ಹುಡುಗರೂ ಸ್ಟಾಕ್‌ಯಾರ್ಡಿನಿಂದ ಕೆಲಸದ ಬಟ್ಟೆಯಲ್ಲೇ ರಕ್ತ ಕೊಡಲು ಬಂದರು. ಅವರು ನಡೆದಲ್ಲೆಲ್ಲ ಆಸ್ಪತ್ರೆಯ ಬಿಳಿ ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿತು. ಆಯಾ ಒರೆಸಿದಳು, ಮತ್ತೆ ಮೂಡಿತು. ನಾನು ಬೆಂಚಿನ ಮೇಲೆ ಕೂತು ಪಂಚಾಕ್ಷರಿ ಜಪಿಸಿದೆ. ಬೇರೇನೂ ತಿಳಿಯಲಿಲ್ಲ.

ಅದೇ ವಾರ, ತಿಂಗಳು ತುಂಬುವ ಮೊದಲೇ, ಹೆಣ್ಣು ಕೂಸು ಹುಟ್ಟಿತು. ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಅತ್ತಿತು. ತಾಯಿ ಕಣ್ಣು ಬಿಟ್ಟಳು. ಗಂಜಿ ಕೊಟ್ಟರೆ ಎರಡು ಗುಟುಕು ಕುಡಿದಳು. ಆ ದಿನ ನಾನೇ ಪಕ್ಕದಲ್ಲಿ ಕೂತು, ಆ ಗುಟುಕು ಗಂಟಲಲ್ಲಿ ಇಳಿಯುವುದನ್ನು ಕಣ್ಣಾರೆ ನೋಡಿದೆ. ದೃಷ್ಟಿ ತಾಗಿದರೆ ತಾಗಲಿ, ಆಮೇಲೆ ತೆಗೆದರಾಯಿತು. ಶಿವ ಕೊಟ್ಟಿದ್ದಕ್ಕೆ ಇಂದಿಗೂ ಕೈಮುಗಿಯುತ್ತೇನೆ.

ಮರುವರ್ಷ ಬೇಸಿಗೆಯ ಹೊತ್ತಿಗೆ ಕಟ್ಟೆಯ ಮಾತು ಮತ್ತೆ ಶುರುವಾಗಿತ್ತು. ಈಗ ಹುಡುಗಿಯೂ ನಮ್ಮ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದಳು. ನಾವು ಮೂವರೂ, ನೋಡದವರ ಹಾಗೆ, ಅವಳ ಬಾಯಿ ನೋಡುತ್ತಿದ್ದೆವು. ಟಿವಿಯಾಕೆ ಕುಕ್ಕರಿನಲ್ಲಿ ಉಸುಕು ಹಾಕಿ ಕೇಕ್ ಮಾಡುವುದು ತೋರಿಸಿದ್ದಳಂತೆ.

"ಉಸುಕು ಯಾವುದಂತ ಹೇಳಿದ್ಲೇನ್ರಿ? ಹೊಳಿದೋ, ಹಳ್ಳದ್ದೋ?" ಅತ್ತಿಗೆ ಕೆಣಕಿದರು.

"ಹೇಳೋದರಾಗ ಕರೆಂಟ್ ಹೋತು."

ಹುಡುಗಿಯೂ ನಕ್ಕಳು. ಕೂಸು ಕಟ್ಟೆಯ ಮೇಲೆ ಅಂಬೆಗಾಲಿಡುತ್ತಿತ್ತು. ದೊಡ್ಡ ರಸ್ತೆಯಲ್ಲಿ ಲಾರಿ ಹೋದಾಗ ಕಟ್ಟೆ ಸಣ್ಣಗೆ ನಡುಗಿತು. ನಾನು ಆಗಷ್ಟೇ ಒರೆಸಿದ್ದ ಕಲ್ಲಿನ ಮೇಲೆ ಮತ್ತೆ ತೆಳ್ಳಗೆ ಪುಡಿ ಕೂತಿತ್ತು. ಕೂಸು ಜೊಲ್ಲು ಹತ್ತಿದ ಬೆರಳನ್ನು ಅದರ ಮೇಲೆ ಎಳೆಯಿತು, ಕಲ್ಲಿನ ಮೇಲೆ ಒಂದು ಗೆರೆ ಬಿತ್ತು. ಬೆರಳು ಬಾಯಿಗೆ ಹೋಗುವ ಮೊದಲು ಹಿಡಿದುಕೊಂಡೆ, ಸೆರಗಿನಲ್ಲಿ ಒರೆಸಿದೆ.

ಅದು ಅಳಲಿಲ್ಲ. ನನ್ನ ಮುಖ ನೋಡಿ, ಇನ್ನೊಂದು ಕೈಯನ್ನು ಆ ಕಲ್ಲಿನ ಕಡೆ ಚಾಚಿತು.