ಕಾರ್ಕಳದ ಕಪ್ಪೆಗಳು ಕಾಪುವಿಗೆ ಹೋದದ್ದು

ಕಡಿಯಾಳಿಯಲ್ಲಿ ನಾವು ಕಾರ್ಕಳದ ಬಸ್ಸು ಹತ್ತಿದಾಗ ಮಳೆ ಸಣ್ಣಗೆ ಹಿಡಿದಿತ್ತು. ಜೂನ್ ತಿಂಗಳ ಎರಡನೆಯ ಶನಿವಾರ. ಆಫೀಸಿಗೆ ರಜೆಯೆಂದು ಹೊದ್ದು ಮಲಗಬೇಕೆಂದಿದ್ದ ನನ್ನನ್ನು ಹಿಂದಿನ ದಿನ ಗಂಡನ ಮನೆಯಿಂದ ಬಂದಿದ್ದ ತಂಗಿ ಜಲಜ ಎಬ್ಬಿಸಿಕೊಂಡು ಹೊರಟಿದ್ದಳು. ಅವಳ ತೊಡೆಯ ಮೇಲೆ ಬಿದಿರಿನ ಬುಟ್ಟಿ, ಅದರೊಳಗೆ ಮಡಚಿದ ಗೋಣಿ. ಕಾರ್ಕಳದಿಂದ ಕಪ್ಪೆ ತಂದು ಕಾಪುವಿನ ತನ್ನ ಗದ್ದೆಗೆ ಬಿಡುವುದು ಅವಳ ಯೋಜನೆ. ಉಡುಪಿಗೆ ಬಂದವರಿಗೆ ಕೃಷ್ಣನ ದರ್ಶನ ಸಾಕಾಗುತ್ತದೆ, ಇವಳಿಗೆ ಕಪ್ಪೆಯ ದರ್ಶನವೂ ಬೇಕಾಯಿತು ಎಂದು ಗೊಣಗಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಣಿಪಾಲದ ಏರು ಹತ್ತಿ ಬಸ್ಸು ಹಿರಿಯಡ್ಕದ ದಾರಿ ಹಿಡಿಯುವಷ್ಟರಲ್ಲಿ ನನ್ನ ಸಿಟ್ಟೂ ಇಳಿಯಿತು. ಅವಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಎಪ್ಪತ್ತರ ದಶಕದಲ್ಲಿ ನಾನು ಕಾಪುವಿಗೆ ಹೋದಾಗಲೆಲ್ಲ ಮಳೆಗಾಲದ ಸಂಜೆ ಕಪ್ಪೆಗಳ ಗದ್ದಲಕ್ಕೆ ಜಗಲಿಯ ಮೇಲೆ ಆಡಿದ ಮಾತು ಕೇಳಿಸುತ್ತಿರಲಿಲ್ಲ. ಕಪ್ಪೆಯ ಕಾಲು ಹೊರದೇಶಕ್ಕೆ ಹೋಗುತ್ತದೆಂದು ವ್ಯಾಪಾರಿಗಳು ಬರತೊಡಗಿದ ಮೇಲೆ ಊರಿನವರು ಗ್ಯಾಸ್‌ಲೈಟು ಹಿಡಿದು ಗದ್ದೆಗಿಳಿದರು. ನೋಡುನೋಡುತ್ತ ಗದ್ದೆಗಳು ಬಹುತೇಕ ಮೂಕವಾದವು. ಕಪ್ಪೆ ಹೋದಲ್ಲಿಗೆ ಹುಳ ಬಂತು. ನಾಟಿಗೆಂದು ಬೆಳೆಸಿದ ನೇಜಿಯನ್ನು ಎರಡು ಮಳೆಗಾಲ ಹುಳವೇ ತಿಂದಿತು. ಬಾವಿ ಗದ್ದೆಯ ಅಂಚಿನಲ್ಲೇ ಇರುವುದರಿಂದ ವಿಷ ಹೊಡೆಯಲು ಜಲಜ ಒಪ್ಪಲಿಲ್ಲ. ಈ ಸಲವೂ ನೇಜಿ ಹೋದರೆ ಗದ್ದೆಗೆ ಮಣ್ಣು ತುಂಬಿಸಿ ತೆಂಗು ಇಡುವುದೇ ಎಂದು ಅವಳ ಗಂಡ ಹೇಳಿಬಿಟ್ಟಿದ್ದರು. ಆ ಗದ್ದೆಯೆಂದರೆ ನನ್ನ ತಂಗಿಗೆ ಜೀವ.

ಕಾರ್ಕಳದಲ್ಲಿ ಚಿಕ್ಕಮ್ಮನ ಮನೆಯ ಹಿಂದೆ ಒಂದು ಕೆರೆ. ವ್ಯಾಪಾರಿಗಳ ಕಣ್ಣು ಅಲ್ಲಿಗೆ ಇನ್ನೂ ಬಿದ್ದಿರಲಿಲ್ಲ. ಹೊಸ ನೀರಿಗೆ ಅರಸಿನ ಬಳಿದುಕೊಂಡವರಂತೆ ಹಳದಿಯಾಗಿದ್ದ ಗಂಡು ಕಪ್ಪೆಗಳು, ಬದಿಯಲ್ಲಿ ಮಣ್ಣು ಬಣ್ಣದ ಹೆಣ್ಣುಗಳು. ನಾನು ಪಂಚೆ ಎತ್ತಿ ಕಟ್ಟಿ ಇಳಿದೆ. ಒಂದನ್ನು ಬುಟ್ಟಿಗೆ ಹಾಕುವಾಗ ಇನ್ನೆರಡು ಹಾರುತ್ತಿದ್ದವು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಎಂಬ ಗಾದೆ ಮಾಡಿದವನು ಅನುಭವಸ್ಥನೇ ಇರಬೇಕು. ಗಂಜಿ, ಹುರುಳಿ ಚಟ್ನಿ ಉಂಡು, ಬುಟ್ಟಿಯ ಬಾಯಿಗೆ ಒದ್ದೆ ಗೋಣಿ ಬಿಗಿದು, ಮಧ್ಯಾಹ್ನದ ಪಡುಬಿದ್ರಿ ಬಸ್ಸು ಹತ್ತಿದೆವು.

ನಿಟ್ಟೆ ದಾಟುವಾಗ ಬುಟ್ಟಿಯೊಳಗೆ ಒಂದು ಗಂಡು ಗಟ್ಟಿಯಾಗಿ ಕೂಗಿತು. ಕಂಡಕ್ಟರ್ ವಿಚಾರಿಸಿ, ಕಾಪುವಿನ ಗದ್ದೆಗೆ ಬಿಡುವ ಕಪ್ಪೆಯೆಂದು ತಿಳಿದು, ಊರಿನಿಂದ ಹೊರಗೆ ಹೋಗುವ ಕಪ್ಪೆಗಳನ್ನು ಕಂಡಿದ್ದೇನೆ, ಊರಿಗೆ ಬರುವುದನ್ನು ಇದೇ ಮೊದಲು ಕಂಡದ್ದು ಎಂದ. ಲಗೇಜು ಟಿಕೇಟು ಮಾತ್ರ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಬೆಳ್ಮಣ್ಣಿನ ಅಂಗಡಿಯ ಬ್ಯಾರಿಯೊಬ್ಬರು ಕುಳಿತಿದ್ದರು. ಗೋಣಿ ಒಣಗಿದ್ದನ್ನು ನೋಡಿ ತಮ್ಮ ಬಾಟಲಿಯ ನೀರನ್ನು ಅದರ ಮೇಲೆ ಸುರಿದರು.

"ನಮ್ಮ ಮುಸ್ಲಿಮರಲ್ಲಿ ಕಪ್ಪೆಯನ್ನು ಕೊಲ್ಲಬಾರದು ಅಂತ ಉಂಟು," ಎಂದರು. "ನೀವು ಬದುಕಿಸಲಿಕ್ಕೆ ಹೊರಟವರು. ಒಳ್ಳೆಯದಾಗಲಿ."

ಅಷ್ಟೊತ್ತಿನವರೆಗೆ ಜನ ನಗುತ್ತಾರೆಂದು ಕಿಟಕಿಯ ಕಡೆಗೆ ಮುಖ ಮಾಡಿದ್ದ ನನಗೆ ಸ್ವಲ್ಪ ಧೈರ್ಯ ಬಂತು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಮುಟ್ಟಿದಾಗ ಮಳೆ ಬಿಟ್ಟಿತ್ತು, ಕಡಲಿನ ಮೊರೆತ ರಸ್ತೆಗೇ ಕೇಳುತ್ತಿತ್ತು. ಜಲಜ ನೇಜಿಯ ಬದುವಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಗೋಣಿ ಬಿಚ್ಚಿದಳು. ಕಪ್ಪೆಗಳು ನೀರಿಗೆ ಧುಮುಕಿ ಮಾಯವಾದವು. ಹೆಣ್ಣುಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವಳ ಹಾಗೆ ಅವಳು ತುಂಬ ಹೊತ್ತು ಅಲ್ಲೇ ಕುಳಿತಿದ್ದಳು.

ಚಹಾ ಕುಡಿದು, ಮುಸ್ಸಂಜೆಗೆ ಉಡುಪಿ ಬಸ್ಸು ಹಿಡಿಯಲು ಹೊರಟೆ. ಜಲಜ ರಸ್ತೆಯವರೆಗೆ ಬಂದಳು. ಆಗ ಕಪ್ಪೆ ಕೂಗಿತು. ಒಂದರ ಹಿಂದೆ ಇನ್ನೊಂದು, ಮತ್ತೊಂದು. ಆದರೆ ದನಿ ಬಂದದ್ದು ಅವಳ ಗದ್ದೆಯಿಂದಲ್ಲ, ಪಕ್ಕದ, ರಸ್ತೆ ಬದಿಯ ಶೇಖರನ ಗದ್ದೆಯಿಂದ; ನಮ್ಮವು ಬದು ಹಾರಿ ಹೋಗಿರಬೇಕು. ಶೇಖರ ದೋಣಿಯಲ್ಲಿ ಮೀನಿಗೆ ಹೋಗುವವನು; ಮಳೆಗಾಲದಲ್ಲಿ ಕಡಲಿಗಿಳಿಯುವಂತಿಲ್ಲ, ಆಗ ಕಪ್ಪೆ ಹಿಡಿಯುತ್ತಾನೆ. ಅವನು ಮನೆಯ ಮೆಟ್ಟಿಲ ಮೇಲೆ ಕುಳಿತು ಗ್ಯಾಸ್‌ಲೈಟಿಗೆ ಪಂಪು ಹೊಡೆಯುತ್ತಿದ್ದ. ಪಕ್ಕದಲ್ಲಿ ಗೋಣಿಚೀಲ.

ಜಲಜ ಸೀದಾ ಅವನೆದುರು ಹೋಗಿ ನಿಂತಳು. ಕಾರ್ಕಳದಿಂದ ತಂದ ಕತೆ ಹೇಳಿ, ತನ್ನ ಕಪ್ಪೆಗಳನ್ನು ಹಿಡಿಯಬೇಡ ಎಂದಳು. ಅವನು ಸಿಟ್ಟಾಗಲಿಲ್ಲ. ದೋಣಿ ಮತ್ತೆ ಕಡಲಿಗಿಳಿಯುವವರೆಗೆ ಮನೆಯಲ್ಲಿ ಒಲೆ ಉರಿಯಬೇಕಲ್ಲ ಎಂದ, ಅದೂ ಸುಳ್ಳಲ್ಲ. ಆಮೇಲೆ ಗದ್ದೆಯ ಕಡೆ ಕಿವಿಗೊಟ್ಟು ನಕ್ಕ.

"ಅಲ್ಲ ಜಲಜಕ್ಕ, ಅಲ್ಲಿ ಕೂಗುವುದರಲ್ಲಿ ನಿಮ್ಮದು ಯಾವುದು? ಗುರುತು ಎಂತದಾದರೂ ಉಂಟಾ?"

"ಇಲ್ಲ ಮಾರಾಯ," ಎಂದಳು ಜಲಜ. "ಗುರುತು ಇಲ್ಲ. ಹಾಗಾಗಿ ಯಾವುದನ್ನೂ ಮುಟ್ಟಬೇಡ."

ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ಶೇಖರನ ಕೈ ಪಂಪಿನ ಮೇಲೆಯೇ ಇತ್ತು, ಆದರೆ ಆಡುತ್ತಿರಲಿಲ್ಲ. ಜಲಜ ಅವನ ಮೆಟ್ಟಿಲ ಮೇಲೆ ಸೆರಗು ಹೊದ್ದು ಕುಳಿತುಬಿಟ್ಟಿದ್ದಳು.