ತಿರುವಿನಲ್ಲಿ ಕಂಡ ಕೆಂಪು

ಸುಳ್ಯದ ಕಡೆಯ ಕುಮುದಿನಿ ಡಿಪ್ಲೊಮಾ ಮುಗಿಸಿ ಪುತ್ತೂರಿನ ಹೊರವಲಯದ ಕಾರ್ಖಾನೆಗೆ ಸೇರಿದಾಗ ಅವಳಿಗೆ ಕೆಲಸ ಕಲಿಸಿದವಳು ಕಡಬದ ನಶೀದಾ. ಸಣ್ಣ ವಿಮಾನಗಳ ರೆಕ್ಕೆಯ ಬುಡಕ್ಕೆ ಕೂರುವ ತುಂಡುಗಳನ್ನು ಅಲ್ಲಿ ಮಾಡುತ್ತಿದ್ದರು. ಕಾರ್ಬನ್ ನಾರಿನ ಬಟ್ಟೆಯನ್ನು ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಒಳಗೆ ಗಾಳಿ ಉಳಿಯದಂತೆ ಬೆರಳಿನಿಂದ ಒತ್ತಬೇಕು. ತುಂಡು ಎರಡು ಕಡೆಗೂ ತಿರುಚಿಕೊಂಡಿರುವುದರಿಂದ ತಿರುವಿನಲ್ಲಿ ಒತ್ತುವುದೇ ಕಷ್ಟ. ಆ ಕೆಲಸ ನಶೀದಾಳದ್ದು. ಕುಮುದಿನಿ ಅವಳನ್ನು ನಶೀದಕ್ಕ ಎಂದೇ ಕರೆಯುತ್ತಿದ್ದಳು.

ಕಳೆದ ವರ್ಷ ರೋಬೋಟ್ ಬಂತು. ಆಸ್ಪತ್ರೆಯ ಸ್ಕ್ಯಾನಿಂಗಿನಂತೆ, ಕಿವಿಗೆ ಕೇಳದ ಶಬ್ದವನ್ನು ತುಂಡಿನೊಳಗೆ ಕಳಿಸಿ, ಟೊಳ್ಳಿದ್ದ ಕಡೆ ಪರದೆಯ ಮೇಲೆ ಕೆಂಪು ತೋರಿಸುವ ಯಂತ್ರ. ಹಿಂದೆ ಕೈಯಲ್ಲಿ ಹಿಡಿದು ನೋಡುತ್ತಿದ್ದ ಉಪಕರಣ ತಿರುವಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ರೋಬೋಟಿನ ತೋಳು ಮಾತ್ರ ತುಂಡಿನ ಮೈ ಬಾಗಿದಂತೆ ತಾನೂ ಬಾಗುತ್ತಿತ್ತು. ಅದನ್ನು ನಡೆಸುವ ಕೆಲಸ ಕುಮುದಿನಿಗೆ ಸಿಕ್ಕಿತು.

ಮಳೆಗಾಲದ ಹೊತ್ತಿಗೆ ತಿರುವಿನಲ್ಲಿ ಕೆಂಪು ಕಾಣತೊಡಗಿತು. ಎಲ್ಲವೂ ನಶೀದಕ್ಕ ಒತ್ತಿದ ತುಂಡುಗಳು. ಕುಮುದಿನಿ ಅವಳೊಬ್ಬಳನ್ನೇ ಕರೆದು ಕೇಳಿದಳು.

“ಬೆರಳಿನ ತುದಿಯಲ್ಲಿ ಎಂತದ್ದೂ ಗೊತ್ತಾಗುದಿಲ್ಲ ಮಾರಾಯ್ತಿ,” ಎಂದಳು ನಶೀದಾ. “ಶುಗರ್ ಉಂಟಲ್ಲ, ಅದರದ್ದು. ಯಾರತ್ರವೂ ಹೇಳ್ಬೇಡ.”

“ಇಲ್ಲ ನಶೀದಕ್ಕ.”

ಟೊಳ್ಳಿರುವ ತುಂಡನ್ನು ವಿಮಾನಕ್ಕೆ ಕಳಿಸುವಂತಿರಲಿಲ್ಲ. ಕುಮುದಿನಿ ಅವನ್ನೆಲ್ಲ ಬದಿಗಿಟ್ಟಳು. ರಾಶಿ ಬೆಳೆದಾಗ ಮೇಲ್ವಿಚಾರಕ ವಿಷ್ಣುಪ್ರಸಾದ್ ಬಂದು, “ನಶೀದಾ ಉದಾಸೀನ ಮಾಡುದು ಅಂತ ಕಾಣ್ತದೆ,” ಎಂದರು. ಆ ಮಾತು ಕೇಳಿ ಕುಮುದಿನಿಗೆ ತಡೆಯಲಾಗಲಿಲ್ಲ.

“ಉದಾಸೀನ ಅಲ್ಲ ಸರ್, ಅವರ ಬೆರಳಿಗೆ ಸ್ಪರ್ಶ ಇಲ್ಲ. ಬೇರೆ ಕೆಲಸ ಕೊಡಿ,” ಎಂದುಬಿಟ್ಟಳು.

ವಿಷ್ಣುಪ್ರಸಾದ್ ತಲೆಯಾಡಿಸಿದರು. ವಾರ ಕಳೆಯುವುದರೊಳಗೆ ನಶೀದಾಳನ್ನು ಕೆಲಸದಿಂದ ತೆಗೆದರು. ಬೇರೆ ಕೆಲಸ ಇರಲಿಲ್ಲವಂತೆ.

ಭಾನುವಾರ ಕುಮುದಿನಿ ಬಸ್ಸು ಹಿಡಿದು ಕಡಬಕ್ಕೆ ಹೋದಳು. ನಶೀದಾ ಒಳಗೆ ಕರೆದು ಕೂರಿಸಿ, ಮಗಳಿಂದ ಚಹಾ ಮಾಡಿಸಿದಳು.

“ತುಂಡು ಬದಿಗಿಟ್ಟದ್ದು ಸರಿಯೇ. ವಿಮಾನದಲ್ಲಿ ಜನ ಕೂತ್ಕೊಂಡು ಹೋಗುದು,” ಎಂದಳು. “ಆದ್ರೆ ಬೆರಳಿನ ಸಂಗತಿ ನಾನು ಹೇಳಿದ್ದು ನಿನಗೆ. ಈಗ ಬೇರೆ ಕಡೆ ಕೆಲಸ ಕೇಳಿದ್ರೂ ಅದೇ ಹೇಳ್ತಾರೆ, ಇವಳ ಕೈಯಲ್ಲಿ ಆಗುದಿಲ್ಲ ಅಂತ.”

“ಒಳ್ಳೇದಾಗ್ಲಿ ಅಂತ ಹೇಳಿದ್ದು ನಶೀದಕ್ಕ...”

“ಗೊತ್ತುಂಟು. ಚಹಾ ಕುಡಿ, ತಣಿತದೆ.”

ಬೈದಿದ್ದರೆ ಕುಮುದಿನಿಯ ಮನಸ್ಸು ಹಗುರವಾಗುತ್ತಿತ್ತು. ನಶೀದಾ ಬೈಯಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದಾಗಲೂ ಮಗಳೇ ಎತ್ತಿ, ಉಮ್ಮ ಮಲಗಿದ್ದಾರೆ ಎಂದಳು. ಮತ್ತೆ ಮಾಡಲು ಕುಮುದಿನಿಗೆ ಧೈರ್ಯ ಬರಲಿಲ್ಲ. ಯಂತ್ರದ ಕೆಲಸ ಈಗಲೂ ಅವಳದ್ದೇ. ತಿರುವು ಒತ್ತಲು ಬಂದ ಹೊಸ ಹುಡುಗಿಯ ಜತೆ ಅವಳು ಹೆಚ್ಚು ಮಾತಾಡುವುದಿಲ್ಲ.